ಸೋಮಮ್ಮ ಒರೆಸದೆ ಇಟ್ಟ ಫೋನು

ಸೋಮಮ್ಮ ಮಣ್ಣು ಸೇರಿದ ಮೇಲೂ ಅವಳ ಅಂಗಡಿಯ ಗಂಟೆ ನಿಲ್ಲಲಿಲ್ಲ.

ಅಂಗಡಿ ಎಂದರೆ ಬಾಗಿಲು, ಹಲಗೆ, ತಕ್ಕಡಿ ಇರುವ ಅಂಗಡಿಯಲ್ಲ. ಬಿಂಡಿಗನವಿಲೆಯ ಆ ಮನೆಯ ನಡುಮನೆಯಲ್ಲಿ, ಗೋಡೆಯ ದೀಪದ ಗೂಡಿನೊಳಗೆ ನಿಲ್ಲಿಸಿಟ್ಟಿದ್ದ ಒಂದು ಫೋನು. ಹುರಿಹಿಟ್ಟು ಬೇಕು, ಸಾಂಬಾರು ಪುಡಿ ಬೇಕು ಎಂದು ಯಾರಾದರೂ ಎಲ್ಲಿಂದಲೋ ಬರೆದು ಕಳಿಸಿದರೆ ಅದು ಗುಡಿಯ ಗಂಟೆಯ ಹಾಗೆ ಒಮ್ಮೆ ಢಣ್ ಎನ್ನುತ್ತಿತ್ತು. ಆ ಸದ್ದನ್ನು ಆಯ್ದುಕೊಂಡವಳು ಸೋಮಮ್ಮನೇ. "ಗಿರಾಕಿ ಬಂದ್ರೆ ದೇವ್ರು ಬಂದಂಗೆ. ಗಂಟೆ ಬಾರಿಸ್ಲಿ ಬುಡು" ಎಂದಿದ್ದಳು. ಮೊದಲ ಸಲ ಅದು ಬಾರಿಸಿದಾಗ ಉಣ್ಣುತ್ತ ಕುಳಿತಿದ್ದ ಅವಳ ಗಂಡ ಹೊನ್ನಪ್ಪ, ಮುದ್ದೆಯ ತುತ್ತು ಬೆರಳಲ್ಲಿದ್ದ ಹಾಗೆಯೇ ಕಣ್ಣು ಮುಚ್ಚಿ ಕೈಮುಗಿದುಬಿಟ್ಟಿದ್ದ. ಸೋಮಮ್ಮ, ಸೊಸೆ ಅರ್ಪಿತ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಈಗ ಅದೇ ಗಂಟೆ ಬಾರಿಸಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಫೋನಿನ ಗಾಜು ಒಂದು ಗಳಿಗೆ ಬೆಳಗುತ್ತಿತ್ತು. ಗೂಡಿನ ಮೇಲೆ ತೂಗುಹಾಕಿದ್ದ ಸೋಮಮ್ಮನ ಪಟಕ್ಕೆ ಕೆಳಗಿನಿಂದ ಬೆಳಕು ತಾಗಿ, ಅವಳು ಈಗತಾನೇ ಏನೋ ಹೇಳಲು ತುಟಿ ತೆರೆದಂತೆ ಕಾಣುತ್ತಿತ್ತು. ಮತ್ತೆ ಕತ್ತಲು.

ಫೋನನ್ನು ತೆರೆಯುವ ಬಗೆ ಯಾರಿಗೂ ತಿಳಿಯದು. ಗಾಜಿನ ಮೇಲೆ ಮೂಡುವ ಒಂಬತ್ತು ಚುಕ್ಕಿಗಳನ್ನು ಕೂಡಿಸಿ ಬೆರಳಿನಿಂದ ಗೆರೆ ಎಳೆದರೆ ಮಾತ್ರ ಅದು ತೆರೆಯಬೇಕು. ಬೆರಳಚ್ಚಿನಿಂದಲೇ ತೆರೆಯುವ ಹಾಗೆ ಮಾಡಿಕೊಡಲು ನಾಗಮಂಗಲದ ಮೊಬೈಲ್ ಅಂಗಡಿಯ ಲೋಕೇಶ್ ಮೊದಲು ಬಹಳ ಹೆಣಗಿದ್ದ. ಆದರೆ ಮೆಣಸಿನಕಾಯಿ, ರಾಗಿ ಹುರಿದು ಹುರಿದು ಸವೆದುಹೋದ ಬೆರಳು ಅದು. ರೇಷನ್ ಅಂಗಡಿಯ ಯಂತ್ರವೂ ಅವಳನ್ನು ಗುರುತು ಹಿಡಿಯುತ್ತಿರಲಿಲ್ಲ. "ನಿಮ್ಮ ಬೆಳ್ಳಲ್ಲಿ ಗೆರೇನೇ ಇಲ್ವಲ್ಲಮ್ಮ" ಎಂದು ಅವನು ಸೋತು ಈ ಚುಕ್ಕಿಯ ಬೀಗ ಹಾಕಿಕೊಟ್ಟ. ಮೊಮ್ಮಗಳು ಸ್ನೇಹ ಆಟವಾಡಲು ಕದ್ದೊಯ್ಯುತ್ತಾಳೆಂದು ಸೋಮಮ್ಮ ಆ ಗೆರೆಯನ್ನು ಮನೆಯಲ್ಲಿ ಯಾರ ಕಣ್ಣಿಗೂ ಬೀಳಿಸಲಿಲ್ಲ. ಗೋಡೆಯ ಕಡೆ ತಿರುಗಿ ತೆರೆಯುವಳು. ಕೆಲಸ ಮುಗಿದ ಮೇಲೆ ಸೆರಗಿನಿಂದ ಗಾಜನ್ನು ಉಜ್ಜಿ ಒರೆಸಿ ಗೂಡಿಗಿಡುವಳು.

ಬೀಗವಿದ್ದರೂ ಹೊರಗಿನಿಂದ ಬಂದ ಕರೆಗೆ ಮಾತನಾಡಬಹುದಿತ್ತು. ಅವಳು ಹೋದ ಹೊಸತರಲ್ಲಿ, ಒಂದು ಇಳಿಹೊತ್ತು ಮನೆಯಲ್ಲಿ ಯಾರೂ ಇಲ್ಲದಾಗ ಅದು ಬಿಡದೆ ಕೂಗಿಕೊಂಡಿತು. ಹೊನ್ನಪ್ಪ ಹಸಿರು ಗುಂಡಿಯನ್ನು ಉಗುರಿನ ತುದಿಯಲ್ಲಿ ಮೇಲಕ್ಕೆ ನೂಕಿದ.

"ಸೋಮಮ್ಮಾರೇನ್ರಿ?" ಎಂದಿತು ಬಡಗಣ ಸೀಮೆಯ ಒಂದು ಹೆಣ್ಣುದನಿ.

"ಅವಳು ಇಲ್ಲ."

"ಹೊರಗ ಹೋಗ್ಯಾರೇನ್ರಿ? ಯಾವಾಗ ಬರ್ತಾರ್ರಿ?"

ಬರುವುದಿಲ್ಲ ಎನ್ನಬೇಕು. ಆ ಮಾತನ್ನು ಅವನು ಇನ್ನೂ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಊರಿಗೆ ಊರೇ ನೋಡಿದ್ದರಿಂದ ಹೇಳುವ ಪ್ರಮೇಯವೇ ಬಂದಿರಲಿಲ್ಲ.

"ಇರ್ಲಿ ತಗೋರಿ. ನಾ ಬಾಗಲಕೋಟಿ ಟೀಚರು ರೀ, ಕಾಯಾಕತ್ತೀನಿ ಅಂತ ಹೇಳ್ರಿ ಅಕ್ಕಾರಿಗೆ."

ಕರೆ ನಿಂತಿತು. ಹೊನ್ನಪ್ಪ ಪಟದ ಕಡೆ ತಿರುಗಿ ನೋಡಲು ಹೆದರಿ ಜಗುಲಿಗೆ ಬಂದು ಕುಳಿತ. ಹಿರಿಯರು ಹೇಳುತ್ತಿದ್ದರು: ಹೋದವರನ್ನು ಹೆಸರು ಹಿಡಿದು ಕರೆಯಬಾರದು, ಕರೆದರೆ ಅವರು ದಾರಿಯಲ್ಲಿ ನಿಂತು ಹಿಂದಕ್ಕೆ ನೋಡುತ್ತಾರೆ. ಅಳುವುದಾದರೂ ಹೆಸರೆತ್ತದೆ ಅಳಬೇಕು. ಇಲ್ಲಿ ನೋಡಿದರೆ ಕಾಣದ ಊರುಗಳ ಕಾಣದ ಜನ ದಿನವೂ ಅವಳ ಹೆಸರು ಹಿಡಿದು ಕೂಗುತ್ತಿದ್ದಾರೆ. ಅವಳು ಹೇಗೆ ಹೋದಾಳು?

ಆ ದಿನದಿಂದ ಅವನು ಕರೆಗೆ ಓಗೊಡಲಿಲ್ಲ. ಬೇರೆಯವರನ್ನು ಮುಟ್ಟಲೂ ಬಿಡಲಿಲ್ಲ. ಆದರೆ ದಿನವೂ ದೀಪ ಹಚ್ಚುವ ಹೊತ್ತಿಗೆ, ಅಂಚು ಹಿಡಿದು ಮೆಲ್ಲಗೆ ಎತ್ತಿ, ಕರೆಂಟಿನ ವೈರು ಸಿಗಿಸಿ ಅದಕ್ಕೆ ಜೀವ ತುಂಬುತ್ತಿದ್ದವನೂ ಅವನೇ. ಸಾವಿನ ಮನೆಯ ದೀಪ ಆರಬಾರದು ಎನ್ನುತ್ತಾರಲ್ಲ, ಹಾಗೆ. ಅದು ಸುಮ್ಮನಾದರೆ ಸಾಕು ಎಂದು ಹಗಲೆಲ್ಲ ಬೇಡುವವನು, ಸಂಜೆಯಾದರೆ ಎಲ್ಲಿ ಸುಮ್ಮನಾಗಿಬಿಡುತ್ತದೋ ಎಂದು ನಡುಗುತ್ತಿದ್ದ.

ಸೋಮಮ್ಮ ಈ ವ್ಯಾಪಾರಕ್ಕೆ ಬಿದ್ದದ್ದು ಬೇಕೆಂದಲ್ಲ. ಮೊದಲೆಲ್ಲ ಸಂತೆಯ ದಿನ ನಾಗಮಂಗಲಕ್ಕೆ ಬಸ್ಸಿನಲ್ಲಿ ಪುಡಿ ಒಯ್ದು ಮಾರುತ್ತಿದ್ದಳು. ಅವಳದೊಂದು ಕ್ರಮ: ಬಂದವರ ಅಂಗೈ ಹಿಡಿದು, ಒಂದು ಚಿಟಿಕೆ ಪುಡಿ ಹಾಕಿ, ಅವರು ಮೂಸಿ ನೋಡಿ ತಲೆಯಾಡಿಸುವವರೆಗೂ ಅಳೆಯುತ್ತಿರಲಿಲ್ಲ. ಕೊರೊನಾ ಕಾಲದಲ್ಲಿ ಸಂತೆ ನಿಂತಿತು, ಬಸ್ಸು ನಿಂತಿತು, ಹುರಿದ ಪುಡಿ ಡಬ್ಬಗಳಲ್ಲೇ ಉಳಿಯಿತು. ಆಗ ಊರಿನ ಶಾಲೆಯಲ್ಲಿ ಕೆಲಸ ಮಾಡಿ ವರ್ಗವಾಗಿ ಬಾಗಲಕೋಟೆಗೆ ಹೋಗಿದ್ದ ಟೀಚರಮ್ಮ ಫೋನು ಮಾಡಿ, ಪೋಸ್ಟಿನಲ್ಲಿ ಕಳಿಸಿಕೊಡಿ ಎಂದು ದುಂಬಾಲು ಬಿದ್ದಳು. ಕಳಿಸಿದ ಮೊದಲ ಪೊಟ್ಟಣ ದಾರಿಯಲ್ಲಿ ಒಡೆದು, ಬರೀ ಕೆಂಪಾದ ಕಾಗದ ಮುಟ್ಟಿತಂತೆ. ಸೋಮಮ್ಮ ಸೋಲಲಿಲ್ಲ. ದಪ್ಪ ಕವರು ತರಿಸಿದಳು, ಬಾಯಿ ಬೆಸೆಯುವ ಪುಟ್ಟ ಯಂತ್ರ ತರಿಸಿದಳು, ಮೇಲೊಂದು ರಟ್ಟಿನ ಪೆಟ್ಟಿಗೆ. ಸಂಘದವರ ಜೊತೆ ಹೋಗಿ ಆಹಾರ ಇಲಾಖೆಯ ನಂಬರು ಮಾಡಿಸಿ ಚೀಟಿ ಅಚ್ಚು ಹಾಕಿಸಿದಳು. ಅರ್ಪಿತ ಬೆಳಗಿನ ಬಿಸಿಲಲ್ಲಿ ಜಗುಲಿಯ ಮೇಲೆ ಪುಡಿಯ ಬಟ್ಟಲುಗಳನ್ನಿಟ್ಟು ಪಟ ತೆಗೆದು ಫೋನಿಗೆ ಏರಿಸಿ, ಯಾವುದು ಎಷ್ಟು, ಎಷ್ಟು ದಿನ ಕೆಡುವುದಿಲ್ಲ ಎಂದೆಲ್ಲ ಬರೆದಳು. ಒಬ್ಬರಿಂದ ಒಬ್ಬರಿಗೆ ನಂಬರು ಹರಿದಾಡಿತು.

"ಮುಖ ನೋಡ್ದೆ ಯಾವ ಯಾಪಾರಾನೆ ಅದು?" ಎಂದು ಹೊನ್ನಪ್ಪ ರೇಗಿಸುತ್ತಿದ್ದ.

"ಮುಖ ನೋಡೇ ನಿಮ್ಮನ್ನ ಕಟ್ಕೊಂಡೆ. ಏನ್ ಬಂತು?" ಎನ್ನುತ್ತಿದ್ದಳು ಸೋಮಮ್ಮ.

ಆದರೂ ಅಂಗೈ ಮೇಲೆ ಚಿಟಿಕೆ ಹಾಕದೆ ಮಾರುವುದು ಅವಳ ಮನಸ್ಸಿಗೆ ಒಗ್ಗಲಿಲ್ಲ. ಬಹಳ ದಿನ ಯೋಚಿಸಿ, ಪ್ರತಿ ಪೆಟ್ಟಿಗೆಯಲ್ಲೂ ಮೇಲೊಂದು ಚಿಕ್ಕ ಪೊಟ್ಟಣ ಇಡತೊಡಗಿದಳು. ಅದರಲ್ಲಿ ಒಂದು ಚಿಟಿಕೆ ಪುಡಿ. ಬರೆಯಲು ಬಾರದ್ದಕ್ಕೆ ಫೋನಿನಲ್ಲಿ ಮಾತಾಡಿ ಕಳಿಸುವುದನ್ನು ಕಲಿತಳು. "ಮೊದ್ಲು ಚಿಕ್ಕ ಪೊಟ್ಟಣ ಅಂಗೈಗೆ ಆಕಂಡು ಮೂಸಿ ನೋಡವ್ವ. ಮನ್ಸಿಗೆ ಬಂದ್ರೆ ದೊಡ್ಡದ್ನ ಒಡಿ. ಬರ್ನಿಲ್ವಾ, ಅಂಗೇ ವಾಪಸ್ ಕಳ್ಸು" ಎಂದು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಹೆಸರು ಹಿಡಿದು ಹೇಳುತ್ತಿದ್ದಳು. ವಾಪಸ್ಸು ಬಂದ ಪೆಟ್ಟಿಗೆಯನ್ನು ಹೊನ್ನಪ್ಪ ಕಂಡಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ. ಹೊನ್ನಪ್ಪ ಹೊಲದಿಂದ ಬಂದು ಕೈಕಾಲು ತೊಳೆದು ಎಲೆಯ ಮುಂದೆ ಕುಳಿತ. ಸೋಮಮ್ಮ ಗೂಡಿನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದಳು. ಅವಳ ಬೆರಳೆಲ್ಲ ಆಗಷ್ಟೇ ಜರಡಿ ಹಿಡಿದ ಪುಡಿ.

"ಸೋಮೀ, ಇಕ್ಕು ಬಾರೇ."

"ಬಂದೆ ಇರಿ."

ಫೋನನ್ನು ಗೂಡಿನಲ್ಲಿಟ್ಟು ಅಡುಗೆಮನೆಯ ಹೊಸ್ತಿಲವರೆಗೆ ಬಂದವಳು ಕಂಬಕ್ಕೆ ಒರಗಿ ಹಾಗೆಯೇ ಕುಳಿತಳು. ಏಳಲಿಲ್ಲ. ಬಂದೆ ಎಂದವಳು ಬರಲಿಲ್ಲ.

ಹೊಲದ ಬದುವಿನ ಹತ್ತಿರ ಮಣ್ಣು ಮಾಡಿದರು. ಮೂರನೆಯ ದಿನ ಹಾಲುತುಪ್ಪಕ್ಕೆ ಗುಡ್ಡೆಯ ಮೇಲೆ ಎಡೆ ಇಟ್ಟು, ಎಲ್ಲರೂ ದೂರ ಸರಿದು ನಿಂತು ಕಾಗೆಗೆ ಕಾದರು. ಹೊಂಗೆಯ ಮರದಲ್ಲಿ ಕಾಗೆ ಇತ್ತು, ಕೂಗುತ್ತಲೂ ಇತ್ತು. ಇಳಿಯಲಿಲ್ಲ. ಕೆ.ಆರ್. ಪೇಟೆಯ ಬೂಕನಕೆರೆಗೆ ಕೊಟ್ಟಿದ್ದ ಹೊನ್ನಪ್ಪನ ತಂಗಿ ಮಂಚಮ್ಮ ಮುಂದೆ ಬಂದು, "ಮೊಮ್ಮಗಳ ಮದ್ವೆ ಚೆನ್ನಾಗ್ ಮಾಡ್ತೀವಿ ಕಣತ್ಗೆ, ಬಾ" ಎಂದಳು. ಮಗ ಕುಮಾರ್, "ಅಪ್ಪನ್ನ ಚೆನ್ನಾಗಿ ನೋಡ್ಕೋತೀವಿ ಕಣವ್ವ" ಎಂದ. ಬಿಸಿಲು ನೆತ್ತಿಗೆ ಬಂತು. ಕೊನೆಗೆ ಎಡೆಯನ್ನು ಹಸುವಿಗೆ ತಿನ್ನಿಸಿ ಬಂದರು.

"ಏನೋ ಆಸೆ ಮಡಿಕ್ಕೊಂಡವಳೆ ಕಣಣ್ಣ," ಎಂದಳು ಮಂಚಮ್ಮ ದಾರಿಯಲ್ಲಿ. "ಅದೇನಂತ ತಿಳ್ಕೊಳ್ದೆ ಇದ್ರೆ ಅವಳಿಗೂ ನೆಮ್ದಿ ಇಲ್ಲ, ನಿಮಗೂ ಇಲ್ಲ."

ಆ ಮಾತು ಹೊನ್ನಪ್ಪನ ಎದೆಯಲ್ಲಿ ಮುಳ್ಳಾಗಿ ನಿಂತಿತು. ದೇವರು ದಿಂಡರೆಂದರೆ ಜೀವ ಬಿಡುವ ಮನುಷ್ಯ ಅವನು. ಬೆಳಗ್ಗೆ ಎದ್ದು ಸ್ನಾನ ಮಾಡಿ, ಹಣೆಗೆ ನಾಮವಿಟ್ಟುಕೊಳ್ಳದೆ ಬಾಯಿಗೆ ನೀರು ಹಾಕಿದವನಲ್ಲ. ಬದುಕಿದ್ದಾಗ ಅವಳು ಕೇಳಿದ್ದೇ ಕಡಿಮೆ. ಈಗ ಏನನ್ನು ಕೇಳುತ್ತಿದ್ದಾಳೆ? ಯಾರನ್ನು ಕೇಳುವುದು? ಅವಳು ನಡುದಾರಿಯಲ್ಲಿ ನಿಂತಿದ್ದಾಳೆ ಎನ್ನುವುದೊಂದೇ ಅವನಿಗೆ ಖಚಿತವಾಗಿದ್ದುದು. ಅವಳನ್ನು ನಿಲ್ಲಿಸಿದ್ದು ಆ ಗಂಟೆ ಎಂದು ಅವನು ತೀರ್ಮಾನಿಸಿಬಿಟ್ಟ.

ಸಾವಿನ ಮನೆಯಲ್ಲಿ ಹನ್ನೊಂದು ದಿನ ಒಲೆಯ ಮೇಲೆ ಬಾಂಡ್ಲಿ ಇಡುವಂತಿಲ್ಲ. ಒಗ್ಗರಣೆಯ ಸದ್ದು ಕೇಳಬಾರದು. ಹನ್ನೊಂದು ಕಳೆದು ತಿಥಿ ಮುಗಿದ ಮೇಲೆ ಎಲ್ಲರ ಮನೆಯ ಬಾಂಡ್ಲಿಯೂ ಒಲೆ ಏರುತ್ತದೆ. ಅಡುಗೆಯ ಬಾಂಡ್ಲಿ ಇಲ್ಲಿಯೂ ಏರಿತು. ಆದರೆ ಪುಡಿ ಹುರಿಯುವ ದೊಡ್ಡ ಬಾಂಡ್ಲಿಯನ್ನು ಹೊನ್ನಪ್ಪ ಹಿತ್ತಲಿನಲ್ಲಿ ಬೋರಲು ಹಾಕಿಸಿದ. ಅದರ ಅಡಿಯಲ್ಲಿ ಜೇಡ ಬಲೆ ಕಟ್ಟಿತು.

ಅರ್ಪಿತ ಒಳ್ಳೆಯ ಹೆಣ್ಣು. ಮಾವನ ಎದುರು ದನಿ ಎತ್ತಿದವಳಲ್ಲ. ಆದರೂ ಒಂದು ದಿನ ಬಾಯಿಬಿಟ್ಟಳು.

"ಮಾವ, ಸಿಮ್ಮು ತೆಗ್ದು ನನ್ ಫೋನಿಗಾಕಂಡ್ರೆ ನಂಬರಾದ್ರೂ ಉಳೀತದೆ. ಇಲ್ಲಾಂದ್ರೆ ಲೋಕೇಶಣ್ಣ ಬೀಗ ಬುಡಿಸ್ಕೊಡ್ತಾರಂತೆ. ಒಳಗಿರೋದೆಲ್ಲ ಅಳಿಸೋಯ್ತದಂತೆ, ಅಷ್ಟೇಯ."

"ಅಷ್ಟೇಯ ಅಂತೀಯಲ್ಲವ್ವ. ಒಳಗೆ ಏನದೆ?"

"ಗಿರಾಕಿಗಳ ಅಡ್ರೆಸ್ಸು. ಪಟ." ಅವಳು ತಡೆದು, "ಅತ್ತೆ ಮಾತಾಡಿ ಕಳ್ಸಿರೋದು," ಎಂದಳು.

"ಅವಳ ಮಾತ್ನೆಲ್ಲ ಅಳಿಸ್ಬುಟ್ಟು, ಅವಳ ಹೆಸರಲ್ಲಿ ಪುಡಿ ಮಾರ್ತೀಯಾ?"

ಅರ್ಪಿತಳ ಕಣ್ಣು ತುಂಬಿತು. "ಅವ್ರು ಕಟ್ಟಿದ್ದು ಮಾವ. ಬಿದ್ದೋಗ್ಲಿ ಅಂತೀರಾ?"

ಗೂಡಿನಲ್ಲಿ ಗಂಟೆ ಬಾರಿಸಿತು. ಮಾವ ಸೊಸೆ ಇಬ್ಬರೂ ನೆಲ ನೋಡಿದರು.

ಆಷಾಢದಲ್ಲಿ ಒಂದು ಬೆಳಗ್ಗೆ ಅವನು ಯಾರಿಗೂ ಹೇಳದೆ, ಹುರಿಹಿಟ್ಟಿನ ಖಾಲಿ ಡಬ್ಬಿಯಲ್ಲಿ ಫೋನನ್ನು ಮಲಗಿಸಿ, ಚೀಲಕ್ಕಿಟ್ಟುಕೊಂಡು ಬಸ್ಸು ಹತ್ತಿದ. ನಾಗಮಂಗಲದಲ್ಲಿ ಇಳಿದು ಬೇರೆ ಬಸ್ಸು. ಪಾಂಡವಪುರ ದಾಟಿ ಶ್ರೀರಂಗಪಟ್ಟಣ. ಪಶ್ಚಿಮವಾಹಿನಿಯಲ್ಲಿ ಕಾವೇರಿ ತುಂಬಿ ಹರಿಯುತ್ತಿದ್ದಳು. ಅಸ್ಥಿ ಬಿಡುವವರು, ತರ್ಪಣ ಕೊಡುವವರು, ಬೋಳಿಸಿದ ತಲೆಗಳು, ಒದ್ದೆ ಪಂಚೆಗಳು. ಮಣ್ಣು ಮಾಡಿದವಳಿಗೆ ಅಸ್ಥಿ ಎಲ್ಲಿ ಬಂತು? ಇದೇ ಅವಳ ಅಸ್ಥಿ ಎಂದುಕೊಂಡ. ಮುಳುಗು ಹಾಕಿ ಎದ್ದು, ಮೆಟ್ಟಿಲ ಮೇಲಿನ ಡಬ್ಬಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಮೊಣಕಾಲುದ್ದ ನೀರಿನಲ್ಲಿ ನಿಂತ. ಮುಚ್ಚಳ ತೆಗೆಯಬೇಕು, ಬಾಗಿಸಬೇಕು.

ಡಬ್ಬಿಯೊಳಗೆ ಗಂಟೆ ಬಾರಿಸಿತು.

ತಗಡಿನ ಡಬ್ಬಿ, ಸದ್ದು ಒಳಗೇ ಸುತ್ತಿ ಬಾವಿಯ ತಳದಿಂದ ಬಂದ ಹಾಗೆ ಬಂತು. ತಗಡು ಗುಂಯ್ಗುಟ್ಟಿತು. ಪಕ್ಕದಲ್ಲಿ ಮುಳುಗೆದ್ದ ಅಜ್ಜಿಯೊಬ್ಬಳು ಅದು ಯಾವುದೋ ಗುಡಿಯ ಗಂಟೆಯೆಂದು ಕೈಮುಗಿದು, "ಒಳ್ಳೆ ಗಳಿಗೆ ಕಣಪ್ಪ" ಎಂದಳು.

ಹೊನ್ನಪ್ಪ ಡಬ್ಬಿಯನ್ನು ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದ. ಸಂಜೆ ಊರಿಗೆ ಬಂದಾಗ ಅರ್ಪಿತ ಖಾಲಿ ಗೂಡಿನ ಮುಂದೆ ನಿಂತಿದ್ದಳು. ಅವನು ಫೋನನ್ನು ಅದರ ಜಾಗದಲ್ಲಿಟ್ಟು ವೈರು ಸಿಗಿಸಿದ.

ಹೀಗೆ ಮಾರ್ಲಮಿ ಹಬ್ಬ ಬಂತು. ಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ಹಬ್ಬ. ಸೋಮಮ್ಮನಿಗೆ ಇದು ಮೊದಲ ಎಡೆ. ಮಂಚಮ್ಮ ಹಿಂದಿನ ದಿನವೇ ಬೂಕನಕೆರೆಯಿಂದ ಬಂದು ಮನೆಯನ್ನು ತಲೆಕೆಳಗು ಮಾಡಿದಳು.

"ಇದೇನವ್ವಾ ಅರ್ಪಿತ, ವಡೇನಾ ಇದು? ನಮ್ಮತ್ಗೆ ಇದ್ನ ನೋಡಿದ್ರೆ ಬಂದ ದಾರೀಲೇ ವಾಪಸ್ ಓಯ್ತಾಳೆ."

"ನೀವೇ ತಟ್ಟಿದ್ದಲ್ವಾ ಚಿಕ್ಕತ್ತೆ ಅದು?"

"ನಿಮ್ಮನೆ ಹಿಟ್ಟೇ ಸರಿಯಿಲ್ಲ ಬುಡು ಅತ್ಲಾಗೆ."

ಸೋಮಮ್ಮನ ಪಟವನ್ನು ಇಳಿಸಿ ನಡುಮನೆಯ ನೆಲದಲ್ಲಿ ಮಣೆಯ ಮೇಲಿಟ್ಟರು. ಹೊಸ ಸೀರೆ, ಬಳೆ, ಹೂವು. ಬಾಳೆ ಎಲೆಯಲ್ಲಿ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ, ಬದಿಯಲ್ಲಿ ಎಲೆಯಡಿಕೆ. ದೀಪ ಹಚ್ಚಿ ಧೂಪ ಹಾಕಿದರು.

"ಅವಳಿಗೆ ಇಷ್ಟವಾದ್ದು ಇನ್ನೇನಾದ್ರೂ ಉಳೀತಾ?" ಎಂದಳು ಮಂಚಮ್ಮ.

ಅರ್ಪಿತ ಮೆಲ್ಲಗೆ, "ಫೋನು," ಎಂದಳು.

"ಎಡೇಗೆ ಪೋನ್ ಮಡಗ್ತಾರೇನವ್ವಾ? ನಮ್ಮಪ್ಪಂಗೆ ಬೀಡಿ ಮಡಗಿದ್ವಿ, ನಮ್ಮಾವಂಗೆ ಬ್ರಾಂದಿ ಮಡಗಿದ್ವಿ. ಪೋನ್ ಮಡಗಿದ್ದ ನಾನಂತೂ ಕಾಣೆ ಕಣೇ."

"ಮಡಗೋದೇಯ," ಎಂದ ಹೊನ್ನಪ್ಪ. ಅಂಚು ಹಿಡಿದು ತಂದು, ದೀಪದ ಪಕ್ಕದಲ್ಲಿ, ಎಲೆಯ ಬಲಕ್ಕೆ ತಾನೇ ಮಲಗಿಸಿದ. ಅಷ್ಟು ದಿನ ಗೂಡಿನ ಕತ್ತಲಲ್ಲಿ ನಿಂತೇ ಇದ್ದದ್ದು ಈಗ ದೀಪದ ಬೆಳಕಿನಲ್ಲಿ ಮುಖ ಮೇಲಾಗಿ ಮಲಗಿತು.

ಎಲ್ಲರೂ ಅಡ್ಡಬಿದ್ದು, ಹೊರಗೆ ಬಂದು, ಬಾಗಿಲು ಮುಚ್ಚಿಕೊಂಡರು. ಬಂದವರು ನಾಚಿಕೆಯಿಲ್ಲದೆ ಉಣ್ಣಲಿ ಎಂದು ಮುಚ್ಚುವ ಬಾಗಿಲು ಅದು. ತೆರೆಯುವ ಮುನ್ನ ತಟ್ಟಬೇಕು, ಕೆಮ್ಮಬೇಕು. ಉಣ್ಣುವವರ ಮೇಲೆ ತಟಕ್ಕನೆ ನುಗ್ಗಬಾರದು. ಕಿಟಕಿಗಳನ್ನೂ ಎಳೆದಿದ್ದರು. ಮಂಚಮ್ಮ ಕಾಗೆಯ ಪಾಲಿನ ಎಲೆಯನ್ನು ಹಿತ್ತಲಿನ ಗೋಡೆಯ ಮೇಲಿಟ್ಟು ಬಂದು ಜಗುಲಿಯಲ್ಲಿ ಕುಳಿತಳು. ಬಾಗಿಲಿಗೆ ಬೆನ್ನು ಹಾಕಿ ಎಲ್ಲರೂ ಸುಮ್ಮನಾದರು. ಬೀದಿಯಲ್ಲಿ ಕುರಿಯ ಮಂದೆಯೊಂದು ದೂಳೆಬ್ಬಿಸಿಕೊಂಡು ಹೋಯಿತು.

ಮುಚ್ಚಿದ ಮನೆಯೊಳಗೆ ಗಂಟೆ ಬಾರಿಸಿತು.

ಮಂಚಮ್ಮ ಅಣ್ಣನ ತೋಳು ಹಿಡಿದುಕೊಂಡಳು. ಮತ್ತೊಮ್ಮೆ ಬಾರಿಸಿತು. ತುಸು ಬಿಟ್ಟು ಮತ್ತೆ, ಮತ್ತೆ. ಪೂಜೆಗೆ ನಿಂತವರ ಹಾಗೆ ಒಂದರ ಹಿಂದೆ ಒಂದು.

"ಕಂಪನಿಯೋರ ಮೆಸೇಜು ಇರ್ತವೆ ಸೋದ್ರತ್ತೆ. ರೀಚಾರ್ಜ್ ಮಾಡು, ರೀಚಾರ್ಜ್ ಮಾಡು ಅಂತ," ಎಂದ ಕುಮಾರ್. ಅವನ ದನಿಯೂ ಅವನದಾಗಿರಲಿಲ್ಲ.

"ಬಾಯ್ಮುಚ್ಲಾ."

ಹೊನ್ನಪ್ಪ ಎದ್ದ. ಬಾಗಿಲು ತಟ್ಟಿದ. ಕೆಮ್ಮಿದ. ಒಳಗೆ ನಿಶ್ಶಬ್ದವಾಯಿತು. ಅಗುಳಿ ಸರಿಸಿ ಒಬ್ಬನೇ ಒಳಹೊಕ್ಕ.

ಮೊದಲು ಅವನಿಗೆ ತಾಗಿದ್ದು ವಾಸನೆ. ಧೂಪದ್ದಲ್ಲ, ಕೋಳಿ ಸಾರಿನದಲ್ಲ. ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಹದವಾಗಿ ಹುರಿದು ಆರಲು ಹರವಿದಾಗ ಏಳುವ ವಾಸನೆ. ಬಾಂಡ್ಲಿ ಬೋರಲು ಬಿದ್ದ ಮನೆಯಲ್ಲಿ ಅದು ಎಲ್ಲಿಂದ ಬರಬೇಕು? ಎಡೆಯ ಮುಂದೆ ಕುಳಿತು ಪಟವನ್ನು ನೋಡಲಾರದೆ ತಲೆ ತಗ್ಗಿಸಿದ. ಕಣ್ಣು ಫೋನಿನ ಮೇಲೆ ಬಿತ್ತು.

ಗಾಜು ಆರಿ ಕಪ್ಪಾಗಿತ್ತು. ದೀಪದ ಬೆಳಕು ಅದರ ಮೇಲೆ ಓರೆಯಾಗಿ ಹರಿದಿತ್ತು. ಆ ಕಪ್ಪಿನ ಮೇಲೆ ಸಣ್ಣಗೆ, ಕೆಂಪು ಹಳದಿ ದೂಳಿನಿಂದ ಎಳೆದ ಒಂದು ಗೆರೆ ಕಂಡಿತು. ಒಂದು ಬದಿಯಲ್ಲಿ ಇಳಿದು, ತಳದಲ್ಲಿ ಅಡ್ಡ ಹರಿದು, ಇನ್ನೊಂದು ಬದಿಯಲ್ಲಿ ಏರಿತ್ತು. ಮೊರದ ಆಕಾರ. ಅದರ ಕೆಳಗೆ ಒಂದು ಸಣ್ಣ ಗೀರು. ಅದು ಕರೆ ಬಂದ ದಿನ ಗುಂಡಿ ನೂಕಿದ ಅವನದೇ ಉಗುರಿನದು.

ಅವತ್ತು ಅವಳು ಒರೆಸಲಿಲ್ಲ. ಜರಡಿ ಹಿಡಿದ ಕೈ. ಇಕ್ಕು ಬಾ ಎಂದು ಕರೆದದ್ದಕ್ಕೆ, ಒರೆಸದೆಯೇ ಇಟ್ಟು ಎದ್ದಳು.

"ಅರ್ಪಿತಾ," ಎಂದು ಕೂಗಿದ. ಅವಳು ಓಡಿ ಬಂದು ಪಕ್ಕದಲ್ಲಿ ಕುಳಿತು ನೋಡಿದಳು. ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಮಾವ... ಅತ್ತೆ ಬೆಳ್ಳು."

ಹೌದು, ಬೆರಳೇ. ಯಂತ್ರ ಗುರುತು ಹಿಡಿಯದ ಬೆರಳು. ಭೂಮಿಯ ಮೇಲೆ ಅವಳು ಬಿಟ್ಟುಹೋದ ಗುರುತು ಅದೊಂದೇ ಇರಬೇಕು. ಅದರ ಮೇಲೆ ಬೆರಳಾಡಿಸಿದರೆ ಬಾಗಿಲು ತೆರೆಯುತ್ತದೆ. ಬೆರಳಾಡಿಸಿದರೆ ಅದು ಅಳಿಯುತ್ತದೆ.

"ಒಂದ್ ಪಟ ತಕ್ಕಳ್ಳಾ ಮಾವ?"

"ಬ್ಯಾಡ."

ಒಳಗೆ ಬರಲು ಕುಮಾರನಿಗೂ ಧೈರ್ಯವಾಗಲಿಲ್ಲ. ಆಮೇಲೆ ಹೊನ್ನಪ್ಪ ಪಂಚೆಗೆ ಕೈ ಒರೆಸಿಕೊಂಡು, ಕಣ್ಣಿಗೊತ್ತಿಕೊಂಡು, ಫೋನನ್ನು ಎಡಗೈಗೆ ತೆಗೆದುಕೊಂಡ. ಅರ್ಪಿತ ಬದಿಯ ಗುಂಡಿ ಒತ್ತಿ, ಗೆರೆಗೆ ತಾಗದಂತೆ ಗಾಜಿನ ಅಂಚಿನಲ್ಲಿ ಬೆರಳನ್ನು ಮೇಲಕ್ಕೆ ಸರಿಸಿದಳು. ಚುಕ್ಕಿಗಳು ಮೂಡಿದವು. ಗೆರೆಯ ಬಲತುದಿಯಿಂದ ಅವನು ತನ್ನ ಬೆರಳನ್ನು ಹೆಂಡತಿಯ ಬೆರಳಿನ ದಾರಿಯಲ್ಲಿ ನಡೆಸಿದ. ಇಳಿದ, ಅಡ್ಡ ಹರಿದ, ಏರಿದ. ಫೋನು ಮೈ ಕೊಡವಿಕೊಂಡಿತು. ಚುಕ್ಕಿಗಳು ಕೆಂಪಾದವು.

ತೆರೆಯಲಿಲ್ಲ. ದೂಳಿನ ಗೆರೆ ಅರ್ಧ ಕದಡಿಹೋಗಿತ್ತು.

"ಅಯ್ಯೋ ಸೋಮೀ," ಎಂದ ಅವನು, ಹೆಸರು ಹಿಡಿಯಬಾರದೆಂಬುದನ್ನು ಮರೆತು.

"ಈ ಕಡೆಯಿಂದ ನೋಡಿ ಮಾವ," ಎಂದಳು ಅರ್ಪಿತ. "ಮೊರದಲ್ಲಿ ರಾಗಿ ಕೇರುವಾಗಲೂ ಅತ್ತೆ ಎಡಗಡೆಯಿಂದ್ಲೇ ತಾನೇ ಶುರು ಮಾಡ್ತಿದ್ದುದು?"

ಉಳಿದಿದ್ದ ಅಷ್ಟಿಷ್ಟು ಗುರುತಿನ ಮೇಲೆ, ಉಸಿರು ಹಿಡಿದು, ಎಡಗಡೆಯಿಂದ ಎಳೆದ. ಗಾಜು ಬೆಳಗಿತು. ತೆರೆಯಿತು.

ಹೆಸರುಗಳು ಸಾಲುಗಟ್ಟಿ ನಿಂತಿದ್ದವು. ಅರ್ಪಿತ ಓದುತ್ತ ಹೋದಳು. ಪಾಲಹಳ್ಳಿಯವರು ಬಾಣಂತಿಗೆ ಹುರಿಹಿಟ್ಟು ಕೇಳಿದ್ದಾರೆ. ಶಿವಮೊಗ್ಗದವರು ಪುಡಿ ಕೇಳಿದ್ದಾರೆ. ಯಾರೋ ಬರೀ, "ಅಮ್ಮ ಇದೀರಾ?" ಎಂದಿದ್ದಾರೆ. ಎಷ್ಟೋ ಜನ, "ಅಮ್ಮ ಇದೀರಾ?" ನಡುವೆ ಅವಳ ಬೆರಳು ನಿಂತಿತು.

"ಮಾವ, ಇಲ್ಲೊಂದು ಅರ್ಧಕ್ಕೆ ನಿಂತದೆ. ಅತ್ತೆ ಮಾತಾಡವ್ರೆ. ಕಳ್ಸಿಲ್ಲ."

"ಯಾರಿಗೆ?"

"ಬಾಗಲಕೋಟೆ ಟೀಚರಮ್ಮಂಗೆ."

ಅವಳು ಒತ್ತಿದಳು. ಮೊದಲು ಕೇಳಿದ್ದು ಅವರ ಮನೆಯದೇ ಸದ್ದು: ಹಿತ್ತಲಿನ ಕೋಳಿ, ಜರಡಿ ಬದಿಗಿಟ್ಟ ಶಬ್ದ. ಆಮೇಲೆ ಅವಳು.

"ಟೀಚರವ್ವಾ, ಪುಡಿ ಈಗಿನ್ನೂ ಜರಡಿ ಇಡಿದೆ. ನಾಳೀಕೆ ಪೋಸ್ಟಿಗೆ ಓಗಿ ಆಕ್ತೀನಿ. ಬಂದ್ಮ್ಯಾಕೆ ಮೊದ್ಲು ಚಿಕ್ಕ ಪೊಟ್ಟಣ ಅಂಗೈಗೆ ಆಕಂಡು..."

ದೂರದಿಂದ ಒಂದು ಗಂಡುದನಿ: "ಸೋಮೀ, ಇಕ್ಕು ಬಾರೇ."

"ಬಂದೆ ಇರಿ."

ಅಲ್ಲಿಗೆ ನಿಂತಿತು.

ಎಡೆಯ ಮುಂದೆ ದೀಪ ಅಲುಗಿತು. ಹೊನ್ನಪ್ಪ ತನ್ನ ದನಿಯನ್ನೇ ಸತ್ತವನೊಬ್ಬನ ದನಿಯಂತೆ ಕೇಳಿಸಿಕೊಂಡು ಕುಳಿತಿದ್ದ. ಅವಳು ಎಲ್ಲೋ ದಾರಿಯಲ್ಲಿ ನಿಂತಿದ್ದಾಳೆಂದು ಇಷ್ಟು ದಿನ ಹುಡುಕಿದ. ಅವಳು ನಿಂತದ್ದು ಇಲ್ಲಿ, ಒಂದು ಮಾತಿನ ನಡುವೆ. ಆಡಿದ ಮಾತು ಮುಟ್ಟದೆ ಉಳಿದರೆ ಜೀವ ಹೇಗೆ ಮುಂದೆ ಹೋದೀತು?

"ಕಳ್ಸು," ಎಂದ.

"ಮಾವ, ಅವ್ರು ಅತ್ತೆ ಇನ್ನೂ ಅವ್ರೆ ಅಂದ್ಕತಾರೆ."

"ಅವಳ ಮಾತು ಅವಳದು, ಓಗ್ಲಿ. ಮಿಕ್ಕಿದ್ದ ನಾನು ಯೋಳ್ತೀನಿ. ಎಲ್ಲಿ ಒತ್ತಬೇಕು, ತೋರ್ಸು."

ಅರ್ಪಿತ ಕಳಿಸಿದಳು. ಅವನ ಬೆರಳನ್ನು ಹಿಡಿದು ಗಾಜಿನ ಮೂಲೆಯಲ್ಲಿಟ್ಟು, ಮಾತು ಮುಗಿಯುವವರೆಗೂ ತೆಗೆಯಬೇಡಿ ಎಂದಳು.

"ಟೀಚರವ್ವಾ, ನಾನು ಹೊನ್ನಪ್ಪ. ಸೋಮಮ್ಮನ ಯಜಮಾನ. ಈಗ ಕೇಳಿದ್ದು ಅವಳದೇ ದನಿ. ಅವತ್ತು ನೀವು ಯಾವಾಗ ಬರ್ತಾರೆ ಅಂದ್ರಿ, ನಾನು ಸುಮ್ಕಾದೆ. ಅವಳು..." ಬೆರಳು ಎತ್ತಲಿಲ್ಲ. "ಅವಳು ಬರಕಿಲ್ಲ ಕಣವ್ವ. ತೀರ್ಕೊಂಡ್ಬುಟ್ಲು."

ಹೇಳಿದ್ದಾಯಿತು. ಮೊದಲ ಸಲ ಅವನ ಬಾಯಿಂದ ಹೊರಬಿತ್ತು.

ಹಿತ್ತಲಿನಿಂದ ಮಂಚಮ್ಮನ ಕೂಗು ಕೇಳಿತು. "ಅಣ್ಣೋ! ಬಿರ್ನೆ ಬಾ ಇಲ್ಲಿ, ಗೋಡೆ ಮ್ಯಾಗಳ ಕಾಗೆ ಎಲೆ ನೋಡು ಬಾ!"

ಅರ್ಪಿತ ತಲೆ ಎತ್ತಿದಳು. ಹೊನ್ನಪ್ಪ ಮಿಸುಕಲಿಲ್ಲ.

"ಬಂದೆ ಇರವ್ವ," ಎಂದು ಅಲ್ಲಿಂದಲೇ ಕೂಗಿ, ಬೆರಳನ್ನು ಇನ್ನಷ್ಟು ಒತ್ತಿ ಹಿಡಿದು, ಉಳಿದದ್ದನ್ನು ಹೇಳತೊಡಗಿದ. "ನಾಳೀಕೆ ನಮ್ ಸೊಸೆ ಬಾಂಡ್ಲಿ ಇಡ್ತಾಳೆ. ಹೊಸಾ ಪುಡಿ ಕಳಿಸ್ತೀವಿ. ಬಂದ್ಮ್ಯಾಕೆ, ಮೊದ್ಲು ಚಿಕ್ಕ ಪೊಟ್ಟಣ ಅಂಗೈಗೆ ಆಕಂಡು ಮೂಸಿ ನೋಡವ್ವ. ಮನ್ಸಿಗೆ ಬಂದ್ರೆ ದೊಡ್ಡದ್ನ ಒಡಿ. ಬರ್ನಿಲ್ಲ ಅಂದ್ರೆ, ಅಂಗೇ ವಾಪಸ್ ಕಳ್ಸು."

ಬೆರಳೆತ್ತಿದ. ಅದರ ತುದಿಯಲ್ಲಿ ಕೆಂಪು ಹಳದಿ ದೂಳು ಅಂಟಿತ್ತು. ಅದನ್ನು ಒರೆಸಿಕೊಳ್ಳದೆ, ಮೂಗಿನ ಹತ್ತಿರ ಹಿಡಿದುಕೊಂಡೇ, ಎದ್ದು ಹಿತ್ತಲ ಕಡೆಗೆ ನಡೆದ.